ಗಾರೆಯಲ್ಲಿ ಶಿಲೆ, ಬಣ್ಣದಲ್ಲಿ ಆಳ

ದೆಹಲಿಯ ಕೆಂಪುಕೋಟೆಯ ದಿವಾನ್-ಎ-ಆಮ್, ಅಂದರೆ ಷಹಜಹಾನನು ಸಾರ್ವಜನಿಕ ಒಡ್ಡೋಲಗ ನಡೆಸುತ್ತಿದ್ದ ಸಭಾಂಗಣ, ಇಂದಿನ ನೋಡುಗರಿಗೆ ಬಹುಪಾಲು ಕೆಂಪು ಮರಳುಗಲ್ಲಿನ ಕಟ್ಟಡವಾಗಿ ಕಾಣುತ್ತದೆ. ಆದರೆ 1639ರಿಂದ 1648ರವರೆಗೆ ಆ ಕೋಟೆಯನ್ನು ಕಟ್ಟಿದವರು ಅದನ್ನು ಹಾಗೆ ಕಾಣಿಸಲು ಬಯಸಿರಲಿಲ್ಲ. ಕಂಬಗಳ ಮತ್ತು ಕಮಾನುಗಳ ಮೇಲೆ ಸುಣ್ಣದ ನಯವಾದ ಗಾರೆಯನ್ನು ಮೆತ್ತಿ, ಕನ್ನಡಿಯಂತಾಗುವವರೆಗೆ ತಿಕ್ಕಿ, ಮೇಲೆ ಚಿನ್ನದ ಬಣ್ಣದ ಅಲಂಕಾರ ಮಾಡಿ, ಇಡೀ ಸಭಾಂಗಣವು ಅಮೃತಶಿಲೆಯದೆಂದು ತೋರುವಂತೆ ಅವರು ರೂಪಿಸಿದ್ದರು. ಅದೇ ಸಭಾಂಗಣದ ಹಿಂಗೋಡೆಗೆ ಸೇರಿಸಿ ನಿಲ್ಲಿಸಿದ ಸಿಂಹಾಸನದ ಮಂಟಪ ಮಾತ್ರ ನಿಜವಾದ ಅಮೃತಶಿಲೆಯದು. ಚಕ್ರವರ್ತಿ ಕೂರುವ ಜಾಗಕ್ಕೆ ಕಲ್ಲು, ಪ್ರಜೆಗಳು ನಿಲ್ಲುವ ಜಾಗಕ್ಕೆ ಕಲ್ಲಿನ ಹುಸಿರೂಪ ಎಂಬ ಈ ಏರ್ಪಾಡಿನಲ್ಲಿ ಖರ್ಚಿನ ಲೆಕ್ಕಾಚಾರ ಇದ್ದೇ ಇದೆ, ಏಕೆಂದರೆ ಬಿಳಿ ಅಮೃತಶಿಲೆ ರಾಜಸ್ಥಾನದ ಮಕರಾನದಿಂದ ಎತ್ತಿನ ಗಾಡಿಗಳಲ್ಲಿ ಬರಬೇಕಿತ್ತು. ಆದರೂ ಆ ಗಾರೆಯನ್ನು ಅಗ್ಗದ ಬದಲಿ ಎಂದಷ್ಟೇ ತಳ್ಳಿಹಾಕಿದರೆ ಅದರೊಳಗಿನ ವಿಜ್ಞಾನ ಕೈತಪ್ಪಿಹೋಗುತ್ತದೆ.

ಒಂದು ವಸ್ತುವಿನ ಮೇಲ್ಮೈಯನ್ನು ಇನ್ನೊಂದು ವಸ್ತುವಿನಂತೆ, ಅಂದರೆ ಗಾರೆಯನ್ನು ಕಲ್ಲಿನಂತೆ, ಬಣ್ಣವನ್ನು ಮರದಂತೆ, ಸಿಮೆಂಟನ್ನು ಚರ್ಮ ಅಥವಾ ರೇಷ್ಮೆಯಂತೆ ಕಾಣಿಸುವ ಕೆಲಸವನ್ನು ಇಲ್ಲಿ ಹುಸಿ ಮೇಲ್ಮೈ ಎಂದು ಕರೆಯಲಾಗಿದೆ. ಇಂದು ಗುರುಗ್ರಾಮ, ನೋಯ್ಡಾ, ಗಾಜಿಯಾಬಾದ್‌ಗಳ ಬಹುಮಹಡಿ ವಸತಿ ಸಮುಚ್ಚಯಗಳಲ್ಲಿ ಕುಳಿತುಕೊಳ್ಳುವ ಕೋಣೆಯ ಒಂದು ಗೋಡೆಯನ್ನಾದರೂ ಇಂಥ ವಿಶೇಷ ಬಣ್ಣಗಾರಿಕೆಗೆ ಮೀಸಲಿಡುವುದು ವಾಡಿಕೆಯಾಗಿದೆ. ಏಷ್ಯನ್ ಪೇಂಟ್ಸ್‌ನ ರಾಯಲ್ ಪ್ಲೇಯಂಥ ಸಿದ್ಧ ಶ್ರೇಣಿಗಳು ಸ್ಪಂಜಿನ ಗುರುತು, ಬಟ್ಟೆಯ ಗುರುತು, ಬಾಚಣಿಗೆಯ ಗೆರೆ ಮುಂತಾದ ನಮೂನೆಗಳನ್ನು ಹೆಸರಿಟ್ಟು ಮಾರುತ್ತವೆ. ಕೆಂಪುಕೋಟೆಯ ಕಂಬಕ್ಕೂ ನೋಯ್ಡಾದ ಗೋಡೆಗೂ ಉದ್ದೇಶ ಒಂದೇ, ಆದರೆ ದಾರಿಗಳು ತೀರ ಬೇರೆ: ಮೊದಲನೆಯದು ರಸಾಯನ ಕ್ರಿಯೆಯ ಮೂಲಕ ನಿಜಕ್ಕೂ ಕಲ್ಲಾಗುತ್ತದೆ, ಎರಡನೆಯದು ಬೆಳಕಿನ ನಡೆಯನ್ನು ಬದಲಿಸಿ ಕಲ್ಲಿನಂತೆ ತೋರುತ್ತದೆ.

ಗಾರೆ ಕಲ್ಲಾಗುವ ಬಗೆಯನ್ನು ಮೊದಲು ನೋಡಬಹುದು. ಸುಣ್ಣದಕಲ್ಲು ರಾಸಾಯನಿಕವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್, ಉಳಿಯುತ್ತದೆ. 100 ಕಿಲೋ ಶುದ್ಧ ಸುಣ್ಣದಕಲ್ಲು ಸುಟ್ಟರೆ 44 ಕಿಲೋ ಅನಿಲವಾಗಿ ಹೋಗಿ 56 ಕಿಲೋ ಸುಣ್ಣ ಸಿಗುತ್ತದೆ. ಇದಕ್ಕೆ ನೀರು ಹೊಯ್ದಾಗ ಅದು ಕುದಿದು ಅರಳುತ್ತದೆ; ಹೀಗೆ ಅರಳಿದ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿ ಶೇಕಡಾ 0.04ರಷ್ಟಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಈ ಮರುಹುಟ್ಟಿನಲ್ಲಿ ಮೂಡುವ ಖನಿಜದ ಹೆಸರು ಕ್ಯಾಲ್ಸೈಟ್. ಅಮೃತಶಿಲೆ ಎಂಬುದು ಭೂಮಿಯ ಒಳಗಿನ ಒತ್ತಡ ಮತ್ತು ಶಾಖಕ್ಕೆ ಸಿಕ್ಕು ಮರುಹರಳಾದ ಸುಣ್ಣದಕಲ್ಲಾದ್ದರಿಂದ ಅದರ ಮುಖ್ಯ ಖನಿಜವೂ ಕ್ಯಾಲ್ಸೈಟೇ. ದಿವಾನ್-ಎ-ಆಮ್‌ನ ಗಾರೆಯನ್ನೂ ಅಲ್ಲಿನ ಸಿಂಹಾಸನದ ಮಂಟಪವನ್ನೂ ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿದರೆ ಎರಡಕ್ಕೂ ಸೂತ್ರ ಒಂದೇ.

ಸೂತ್ರ ಒಂದೇ ಆದರೂ ನೋಟ ಒಂದೇ ಆಗುವುದಿಲ್ಲ, ಮತ್ತು ಕುಶಲಕರ್ಮಿಗಳ ಜಾಣ್ಮೆಯೆಲ್ಲ ಈ ಅಂತರವನ್ನು ಮುಚ್ಚುವುದರಲ್ಲಿ ಅಡಗಿದೆ. ಅಮೃತಶಿಲೆಯಲ್ಲಿ ಕ್ಯಾಲ್ಸೈಟಿನ ಹರಳುಗಳು ದೊಡ್ಡವು, ಒತ್ತಾಗಿ ಹೆಣೆದುಕೊಂಡಿರುತ್ತವೆ, ನಡುವೆ ಗಾಳಿಯ ರಂಧ್ರಗಳು ಬಹಳ ಕಡಿಮೆ. ಹಾಗಾಗಿ ಬೆಳಕು ಕೆಲವು ಮಿಲಿಮೀಟರ್ ಒಳಕ್ಕೆ ಇಳಿದು, ಅಲ್ಲಿ ಸುತ್ತಾಡಿ, ಹೊಕ್ಕ ಜಾಗಕ್ಕಿಂತ ತುಸು ಪಕ್ಕದಲ್ಲಿ ಹೊರಬರುತ್ತದೆ. ಅಮೃತಶಿಲೆ ಒಳಗಿನಿಂದ ಬೆಳಗಿದಂತೆ ಕಾಣುವುದಕ್ಕೆ ಕಾರಣ ಇದು. ಗಾರೆಯಲ್ಲಾದರೋ ಹರಳುಗಳು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನ ಆಸುಪಾಸಿನವು, ನಡುವೆ ಲೆಕ್ಕವಿಲ್ಲದಷ್ಟು ರಂಧ್ರಗಳು. ಬೆಳಕು ಮೇಲ್ಪದರದಲ್ಲೇ ಚದುರಿ ಹಿಂದಿರುಗುವುದರಿಂದ ಅದು ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿರುತ್ತದೆಯೇ ಹೊರತು ಆಳವಿರುವುದಿಲ್ಲ. ಕೊನೆಯ ಲೇಪಕ್ಕೆ ಅಮೃತಶಿಲೆಯ ಪುಡಿಯನ್ನೇ ಬೆರೆಸುವ ಪದ್ಧತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು: ಆ ಪುಡಿಯ ಒಂದೊಂದು ಕಣವೂ ಬೆಳಕನ್ನು ಒಳಬಿಡುವ ದೊಡ್ಡ ಹರಳು, ಮತ್ತು ಅವುಗಳ ನಡುವಿನ ಸಂದುಗಳನ್ನು ಸುಣ್ಣ ತುಂಬುತ್ತದೆ. ರೋಮಿನ ವಿಟ್ರೂವಿಯಸ್ ತನ್ನ ವಾಸ್ತುಗ್ರಂಥದಲ್ಲಿ ಮರಳುಗಾರೆಯ ಪದರಗಳ ಮೇಲೆ ಅಮೃತಶಿಲೆಯ ಪುಡಿ ಬೆರೆತ ಮೂರು ಪದರಗಳನ್ನು ಹಚ್ಚಲು ಹೇಳಿದ್ದಾನೆ, ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋದ ಪಾಂಪೆ ನಗರದ ಹಳೆಯ ಮನೆಗಳಲ್ಲಿ ಗಾರೆಯನ್ನೇ ಬಣ್ಣಬಣ್ಣದ ಅಮೃತಶಿಲೆಯ ಚಪ್ಪಡಿಗಳಂತೆ ಕಾಣಿಸಿದ ಗೋಡೆಗಳು ಇಂದಿಗೂ ಉಳಿದಿವೆ.

ಉತ್ತರ ಭಾರತದ ಗಾರೆಗೆ ಬೀಳುತ್ತಿದ್ದ ಉಳಿದ ಸಾಮಗ್ರಿಗಳ ಪಟ್ಟಿ ಮೊದಲ ಓದಿಗೆ ಅಡುಗೆಮನೆಯ ಉಗ್ರಾಣದಿಂದ ಬಂದದ್ದೆಂದು ತೋರುತ್ತದೆ: ಬೆಲ್ಲ, ಉದ್ದಿನ ಬೇಳೆ, ಬಿಲ್ವದ ಹಣ್ಣಿನ ತಿರುಳು, ಮೊಟ್ಟೆಯ ಬಿಳಿ, ಅಂಟು; ರಾಜಸ್ಥಾನದ ಆರಾಯಿಶ್ ಎಂಬ ನಯಗಾರೆಗೆ ಮೊಸರು ಕೂಡ. ಇವುಗಳಲ್ಲಿ ಒಂದೊಂದಕ್ಕೂ ಕೆಲಸವುಂಟು. ಸುಣ್ಣ ಬರಿಯ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಸಕ್ಕರೆಯ ನೀರಿನಲ್ಲಿ ಅದಕ್ಕಿಂತ ಹೆಚ್ಚು ಕರಗುತ್ತದೆ; ಬೆಲ್ಲ ಹಾಕಿದಾಗ ಕರಗಿದ ಸುಣ್ಣ ಸಂದುಗೊಂದುಗಳಿಗೆ ಹರಿದು ಅಲ್ಲಿ ಹರಳುಗಟ್ಟುತ್ತದೆ. ಮೊಸರಿನ ಕೇಸೀನ್ ಎಂಬ ಪ್ರೋಟೀನು ಸುಣ್ಣದ ಕ್ಯಾಲ್ಸಿಯಂನೊಡನೆ ಕೂಡಿ ನೀರಿಗೆ ಜಗ್ಗದ ಅಂಟಾಗುತ್ತದೆ. ಕೊನೆಯಲ್ಲಿ ಒರೆಸುವ ಕೊಬ್ಬರಿ ಎಣ್ಣೆಯ ಕೊಬ್ಬಿನ ಆಮ್ಲಗಳು ಅದೇ ಕ್ಯಾಲ್ಸಿಯಂನೊಡನೆ ಸೇರಿ ಕರಗದ ಸಾಬೂನಿನ ತೆಳುಪೊರೆಯನ್ನು ಕಟ್ಟುತ್ತವೆ, ಗೋಡೆಗೆ ಬಿದ್ದ ನೀರು ಹನಿಯಾಗಿ ಜಾರುತ್ತದೆ. ಪರಂಪರೆಯ ಹೆಸರಿನಲ್ಲಿ ಹೇಳುವ ಪ್ರತಿಯೊಂದು ಗುಟ್ಟಿಗೂ ವಿಜ್ಞಾನದ ಸಮರ್ಥನೆ ಹುಡುಕುವ ಚಟ ಒಳ್ಳೆಯದಲ್ಲ, ಆದರೆ ಈ ವಿಷಯದಲ್ಲಿ ಸಮರ್ಥನೆಯನ್ನು ಹುಡುಕಿಕೊಂಡು ಹೋಗುವ ಅಗತ್ಯವೇ ಬೀಳುವುದಿಲ್ಲ.

ಇನ್ನು ತಿಕ್ಕುವ ಕೆಲಸ. ದೆಹಲಿ ಮತ್ತು ಜೈಪುರದ ಗಾರೆಯವರು ಇದನ್ನು ಘುಟಾಯಿ ಎನ್ನುತ್ತಾರೆ. ಇನ್ನೂ ಹಸಿ ಆರದ ಕೊನೆಯ ಲೇಪದ ಮೇಲೆ ಅಗೇಟ್ ಎಂಬ ಗಡುಸಾದ, ನುಣುಪು ಕಲ್ಲನ್ನು ಒತ್ತಿ ಗಂಟೆಗಟ್ಟಲೆ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾರೆ. ಅರಳಿದ ಸುಣ್ಣದ ಕಣಗಳು ಆರು ಮೂಲೆಯ ಚಪ್ಪಟೆ ಬಿಲ್ಲೆಗಳಾದ್ದರಿಂದ ಒತ್ತಡ ಬಿದ್ದಾಗ ಅವು ಗೋಡೆಗೆ ಸಮಾನಾಂತರವಾಗಿ ಮಲಗುತ್ತವೆ, ರಂಧ್ರಗಳು ಮುಚ್ಚುತ್ತವೆ, ಮೇಲ್ಮೈಯ ಏರುತಗ್ಗುಗಳು ಬೆಳಕಿನ ತರಂಗದೂರಕ್ಕಿಂತ, ಅಂದರೆ 0.4ರಿಂದ 0.7 ಮೈಕ್ರಾನ್‌ಗಿಂತ, ಸಣ್ಣವಾಗುತ್ತವೆ. ಏರುತಗ್ಗು ಆ ಮಟ್ಟಕ್ಕಿಳಿದಾಗ ಬೆಳಕು ಚದುರುವುದನ್ನು ಬಿಟ್ಟು ಕನ್ನಡಿಯಲ್ಲಿ ತಿರುಗುವಂತೆ ಒಂದೇ ದಿಕ್ಕಿಗೆ ಮರಳುತ್ತದೆ. ಹೊಳಪಿಗೆ ಇಲ್ಲಿ ಯಾವ ವಾರ್ನಿಷೂ ಕಾರಣವಲ್ಲ, ಏರುತಗ್ಗು ಅಳಿದದ್ದಷ್ಟೇ ಕಾರಣ.

ದೆಹಲಿಯಲ್ಲಿ ಗಾರೆಯ ಈ ಸಾಮರ್ಥ್ಯವನ್ನು ಕಾಣಲು ಕೆಂಪುಕೋಟೆ ಒಂದೇ ಜಾಗವಲ್ಲ. ಲೋದಿ ಉದ್ಯಾನದ ಬಡಾ ಗುಂಬದ್ ಪಕ್ಕದ 1494ರ ಮಸೀದಿಯಲ್ಲಿ ಗಾರೆಯನ್ನು ಕೊರೆದು ಲಿಪಿ ಮತ್ತು ಬಳ್ಳಿಗಳಿಂದ ಗೋಡೆಯನ್ನು ತುಂಬಿದ್ದಾರೆ. ಮೆಹ್ರೌಲಿಯ ಜಮಾಲಿ ಕಮಾಲಿ ಸಮಾಧಿಯ ಚಾವಣಿಯಲ್ಲಿ, 1528-29ರ ಸುಮಾರಿನ ಆ ಪುಟ್ಟ ಕೋಣೆಯಲ್ಲಿ, ಕೆತ್ತಿದ ಗಾರೆಗೆ ಕೆಂಪು ಮತ್ತು ನೀಲಿ ಬಣ್ಣ ತುಂಬಿ ರತ್ನಗಂಬಳಿಯನ್ನು ತಲೆಯ ಮೇಲೆ ಹಾಸಿದಂಥ ನೋಟವನ್ನು ಮೂಡಿಸಿದ್ದಾರೆ. ಹಂಪಿಯ ಕಮಲ ಮಹಲನ್ನು ಕಂಡ ಕನ್ನಡಿಗರಿಗೆ ಗಾರೆಯ ಕುಸುರಿ ಹೊಸದಲ್ಲ. ಲಾಹೋರಿನ ವಜೀರ್ ಖಾನ್ ಮಸೀದಿಯಲ್ಲಿ ಇದರ ಇನ್ನೊಂದು ಮಗ್ಗುಲು ಕಾಣುತ್ತದೆ: ಅಲ್ಲಿ ಇಟ್ಟಿಗೆಯ ಗೋಡೆಗೆ ಗಾರೆ ಹಚ್ಚಿ ಆ ಗಾರೆಯ ಮೇಲೆ ಮತ್ತೆ ಇಟ್ಟಿಗೆಯ ಚಿತ್ರವನ್ನೇ, ನೇರವಾದ ಬಿಳಿ ಗೆರೆಗಳ ಸಮೇತ, ಬರೆದಿದ್ದಾರೆ. ಒಳಗಿರುವ ವಸ್ತುವಿಗೆ ಅದರದೇ ಒಪ್ಪವಾದ ಚಿತ್ರವನ್ನು ಹೊದಿಸುವ ಈ ಹಟವನ್ನು ಮೆಚ್ಚದಿರುವುದು ಕಷ್ಟ.

ಎರಡನೆಯ ದಾರಿ, ಅಂದರೆ ಬಣ್ಣ ಮತ್ತು ಗ್ಲೇಜ್ ಎಂಬ ಪಾರದರ್ಶಕ ಲೇಪದ ದಾರಿ, ಬೆಳಕಿನ ಒಂದು ಸರಳ ನಿಯಮದಿಂದ ಶುರುವಾಗುತ್ತದೆ. ಒಂದು ಪಾರದರ್ಶಕ ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನು ತಿಳಿಸುವ ಸಂಖ್ಯೆ ವಕ್ರೀಭವನ ಸೂಚ್ಯಂಕ: ಗಾಳಿಗೆ 1, ನೀರಿಗೆ 1.33, ಅಗಸೆ ಎಣ್ಣೆಗೂ ಬಣ್ಣದ ಕಣಗಳನ್ನು ಹಿಡಿದಿಡುವ ಇಂದಿನ ಅಕ್ರಿಲಿಕ್ ಬಂಧಕಕ್ಕೂ ಸುಮಾರು 1.5, ಸೀಮೆಸುಣ್ಣಕ್ಕೆ ಸುಮಾರು 1.6, ಬಿಳಿ ಬಣ್ಣಗಳಲ್ಲಿ ಬಳಸುವ ಟೈಟಾನಿಯಂ ಡೈಆಕ್ಸೈಡಿನ ರೂಟೈಲ್ ರೂಪಕ್ಕೆ ಸುಮಾರು 2.7. ಎರಡು ವಸ್ತುಗಳ ಸೂಚ್ಯಂಕಗಳ ಅಂತರ ಹೆಚ್ಚಿದಷ್ಟೂ ಅವುಗಳ ಗಡಿಯಲ್ಲಿ ಬೆಳಕು ಹೆಚ್ಚು ಹಿಂದಿರುಗುತ್ತದೆ. ಸೀಮೆಸುಣ್ಣದ ಕಣ ಗಾಳಿಯಲ್ಲಿದ್ದರೆ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇಕಡಾ 5ರಷ್ಟನ್ನು ಮರಳಿಸುತ್ತದೆ, ನೀರಿನಲ್ಲಿ ಮುಳುಗಿದ್ದರೆ ಶೇಕಡಾ 1ಕ್ಕಿಂತಲೂ ಕಡಿಮೆ. ಹಬ್ಬಕ್ಕೆ ಮುಂಚೆ ಸುಣ್ಣ ಬಳಿದ ಮನೆಗಳಲ್ಲಿ ಬೆಳೆದವರೆಲ್ಲ ಈ ವ್ಯತ್ಯಾಸವನ್ನು ಕಂಡಿದ್ದಾರೆ: ಹಸಿಯಿರುವಾಗ ಹಳೆಯ ಕಲೆಗಳೆಲ್ಲ ಸುಣ್ಣದ ಅಡಿಯಿಂದ ಇಣುಕುತ್ತವೆ, ನೀರು ಆರಿ ಕಣಗಳ ನಡುವೆ ಗಾಳಿ ಹೊಕ್ಕ ಮೇಲೆ ಗೋಡೆ ಬೆಳ್ಳಗಾಗುತ್ತದೆ.

ಸಾಮಾನ್ಯ ಗೋಡೆಬಣ್ಣದ ಗುರಿ ಅಡಿಯಲ್ಲಿರುವುದನ್ನು ಮುಚ್ಚುವುದು. ಅದಕ್ಕಾಗಿ ಅದರಲ್ಲಿ ಸುಮಾರು 0.2ರಿಂದ 0.3 ಮೈಕ್ರಾನ್ ಗಾತ್ರದ ಟೈಟಾನಿಯಂ ಡೈಆಕ್ಸೈಡ್ ಕಣಗಳನ್ನು ತುಂಬುತ್ತಾರೆ. ಬೆಳಕಿನ ತರಂಗದೂರದ ಸರಿಸುಮಾರು ಅರ್ಧದಷ್ಟಿರುವ ಆ ಗಾತ್ರದಲ್ಲಿ ಚದುರುವಿಕೆ ಅತಿ ಹೆಚ್ಚು. ಗ್ಲೇಜಿನ ಗುರಿ ಇದಕ್ಕೆ ತೀರ ವಿರುದ್ಧ. ಗ್ಲೇಜ್ ಎಂದರೆ ಬಂಧಕ ಹೆಚ್ಚಿರುವ, ವರ್ಣದ್ರವ್ಯ ತೀರ ಕಡಿಮೆಯಿರುವ, ಬಹುಮಟ್ಟಿಗೆ ಬಿಳಿ ಕಣಗಳಿಲ್ಲದ ಪಾರದರ್ಶಕ ಲೇಪ; ಕೆಲಸಗಾರರು ಸಾಮಾನ್ಯವಾಗಿ ಒಂದು ಪಾಲು ಬಣ್ಣಕ್ಕೆ ನಾಲ್ಕು ಪಾಲು ಗ್ಲೇಜ್ ದ್ರವವನ್ನು ಬೆರೆಸುತ್ತಾರೆ. ಬೆಳಕು ಈ ಲೇಪವನ್ನು ಹಾದು ಕೆಳಗಿನ ಬಣ್ಣವನ್ನು ಮುಟ್ಟಿ, ಅಲ್ಲಿಂದ ಮರಳುವಾಗ ಅದೇ ಲೇಪವನ್ನು ಮತ್ತೊಮ್ಮೆ ಹಾಯುತ್ತದೆ, ಮತ್ತು ಪ್ರತಿ ಸಲವೂ ಸುಂಕ ತೆರುತ್ತದೆ.

ಈ ಸುಂಕದ ಲೆಕ್ಕವನ್ನು ಒಮ್ಮೆ ಮಾಡಿ ನೋಡಿದರೆ ಗ್ಲೇಜಿನ ಗುಣ ಸ್ಪಷ್ಟವಾಗಿ ಅರ್ಥವಾಗುತ್ತದೆ. ಉದಾಹರಣೆಗೆ, ಗೋಪಿಮಣ್ಣಿನ ಬಣ್ಣದ ಒಂದು ಗ್ಲೇಜ್ ಪದರವು ಒಂದು ಹಾಯುವಿಕೆಯಲ್ಲಿ ಕೆಂಪು ಬೆಳಕಿನ ಶೇಕಡಾ 95, ಹಸಿರಿನ 80, ನೀಲಿಯ 40ರಷ್ಟನ್ನು ಬಿಡುತ್ತದೆ ಎಂದು ಇಟ್ಟುಕೊಳ್ಳಬಹುದು. ಬಿಳಿಯ ಗೋಡೆಗೆ ಹೋಗಿ ಮರಳಿದ ಬೆಳಕಿನಲ್ಲಿ ಕೆಂಪು 90, ಹಸಿರು 64, ನೀಲಿ 16 ಉಳಿಯುತ್ತದೆ: ಇದು ಹೊಂಬಣ್ಣ. ಅದೇ ಲೇಪ ಎರಡರಷ್ಟು ದಪ್ಪವಾದ ಜಾಗದಲ್ಲಿ ಕೆಂಪು 81, ಹಸಿರು 41, ನೀಲಿ 3ಕ್ಕಿಂತ ಕಡಿಮೆ: ಇದು ಕಿತ್ತಳೆಯ ಕಡೆಗೆ ವಾಲಿದ ಕಂದು. ಲೇಪ ದಪ್ಪವಾದಂತೆ ಬಣ್ಣ ಬರಿಯ ಗಾಢವಾಗುವುದಿಲ್ಲ, ಅದರ ಜಾತಿಯೇ ಬದಲಾಗುತ್ತದೆ. ಅದೇ ವರ್ಣದ್ರವ್ಯವನ್ನು ಬಿಳಿ ಬಣ್ಣಕ್ಕೆ ಕಲಸಿ ಬಳಿದರೆ ಗೋಡೆಯುದ್ದಕ್ಕೂ ಒಂದೇ ಮಂಕು ಕೆನೆಬಣ್ಣ ಸಿಗುತ್ತದೆ; ಗ್ಲೇಜಾದರೆ ಒಂದೇ ಡಬ್ಬಿಯಿಂದ, ದಪ್ಪದ ಏರುಪೇರಿನಿಂದಲೇ, ಹೊನ್ನಿನಿಂದ ಕಂದಿನವರೆಗಿನ ಎಲ್ಲ ಛಾಯೆಗಳೂ ಹೊಮ್ಮುತ್ತವೆ. ಪದರಗಳಲ್ಲಿ ಬೆಳಕು ಹೀರಲ್ಪಡುವ ಮತ್ತು ಚದುರುವ ಪ್ರಮಾಣಗಳನ್ನು ಒಟ್ಟಿಗೆ ಹಿಡಿದಿಡುವ ಗಣಿತವನ್ನು ಪಾಲ್ ಕುಬೆಲ್ಕಾ ಮತ್ತು ಫ್ರಾನ್ಸ್ ಮುಂಕ್ 1931ರಲ್ಲಿ ಪ್ರಕಟಿಸಿದರು. ಇಂದಿಗೂ ಬಣ್ಣದ ಅಂಗಡಿಯ ಕಂಪ್ಯೂಟರುಗಳು ಛಾಯೆ ಹೊಂದಿಸುವುದು ಅದೇ ಸಮೀಕರಣಗಳ ಆಧಾರದ ಮೇಲೆ.

ಆದ್ದರಿಂದ ಹುಸಿ ಮೇಲ್ಮೈಯ ಕೈಚಳಕವೆಲ್ಲ ಲೇಪದ ದಪ್ಪವನ್ನು ಬೇಕೆಂತಲೇ ಏರುಪೇರು ಮಾಡುವುದರಲ್ಲಿದೆ. ಸ್ಪಂಜು, ಮುದುಡಿದ ಬಟ್ಟೆ, ಹಲ್ಲುಳ್ಳ ರಬ್ಬರ್ ಬಾಚಣಿಗೆ, ಒಣ ಬ್ರಷ್ಷು ಎಲ್ಲವೂ ಹಸಿ ಲೇಪವನ್ನು ಅಲ್ಲಲ್ಲಿ ಎತ್ತಿ, ಅಲ್ಲಲ್ಲಿ ಗುಡ್ಡೆ ಮಾಡುವ ಸಲಕರಣೆಗಳಷ್ಟೆ. ಸ್ಪಂಜಿನ ಗುರುತೊಂದನ್ನು ಹತ್ತಿರದಿಂದ ನೋಡಿದರೆ ಅದರ ಅಂಚು ನಡುವಿಗಿಂತ ಗಾಢವಾಗಿರುವುದು ಕಾಣುತ್ತದೆ. ಚೆಲ್ಲಿದ ಕಾಫಿಯ ಹನಿ ಒಣಗಿದಾಗ ಉಂಗುರದ ಕಲೆಯಾಗುವುದಕ್ಕೆ 1997ರಲ್ಲಿ ರಾಬರ್ಟ್ ಡೀಗನ್ ಮತ್ತು ಸಂಗಡಿಗರು ಕೊಟ್ಟ ವಿವರಣೆ ಇಲ್ಲಿಗೂ ಸಲ್ಲುತ್ತದೆ: ಹನಿಯ ಅಂಚಿನಲ್ಲಿ ನೀರು ಬೇಗ ಆರುತ್ತದೆ, ಆ ಕೊರತೆ ತುಂಬಲು ನಡುವಿನಿಂದ ದ್ರವ ಅಂಚಿನತ್ತ ಹರಿಯುತ್ತದೆ, ಹರಿಯುವಾಗ ಬಣ್ಣದ ಕಣಗಳನ್ನೂ ಹೊತ್ತೊಯ್ದು ಅಲ್ಲಿ ಗುಡ್ಡೆ ಹಾಕುತ್ತದೆ. ಈ ಗಾಢ ಅಂಚು ಬೇಡವೆಂದರೆ ಗ್ಲೇಜನ್ನು ಗಟ್ಟಿಗೊಳಿಸಿ ಹರಿವನ್ನು ತಡೆಯಬೇಕು; ಬೇಕೆಂದರೆ ತುಸು ನೀರು ಸೇರಿಸಿದರೆ ಸಾಕು, ಮೋಡದಂಚಿನ ನೋಟ ತಾನಾಗಿ ಬರುತ್ತದೆ.

ಅಮೃತಶಿಲೆಯ ನಾಳಗಳನ್ನು ಎಳೆಯುವುದು ಇದಕ್ಕಿಂತ ಕಠಿಣ ವಿದ್ಯೆ, ಮತ್ತು ಅಗ್ಗದ ಕೆಲಸ ಸಿಕ್ಕಿಬೀಳುವುದೂ ಅಲ್ಲಿಯೇ. ನಿಜವಾದ ಕಲ್ಲಿನ ನಾಳಗಳು ಮೂಲ ಸುಣ್ಣದಕಲ್ಲಿನಲ್ಲಿದ್ದ ಜೇಡಿ, ಕಬ್ಬಿಣದ ಆಕ್ಸೈಡ್, ಗ್ರಾಫೈಟ್ ಮುಂತಾದವುಗಳ ಪದರಗಳು ಮಡಚಿ ಹಿಗ್ಗಿದವು, ಇಲ್ಲವೇ ಬಿರುಕುಗಳಲ್ಲಿ ಹರಿದ ಖನಿಜಜಲ ಬಿಟ್ಟುಹೋದವು. ಬಿರುಕು ಕಲ್ಲಿನಲ್ಲಿ ಒಂದು ಒತ್ತಡದ ದಿಕ್ಕಿಗೆ ಒಳಪಟ್ಟು ಸಾಗುವುದರಿಂದ ನಾಳಗಳೆಲ್ಲ ಬಹುಮಟ್ಟಿಗೆ ಒಂದೇ ಓಟದಲ್ಲಿರುತ್ತವೆ, ಕವಲೊಡೆಯುತ್ತವೆ, ಮತ್ತೆ ಕೂಡುತ್ತವೆ, ದಪ್ಪವಾದದ್ದು ಏಕಾಏಕಿ ಎಳೆಯಾಗುತ್ತದೆ. ಲಂಬಕೋನದ ಚೌಕುಳಿಯಂತೆ ಹರಡುವುದಿಲ್ಲ. ಬಣ್ಣಗಾರನು ಬಿಳಿಯ ನೆಲೆಬಣ್ಣದ ಮೇಲೆ ಬೂದು ಗ್ಲೇಜ್ ಹಚ್ಚಿ, ಹಸಿಯಿರುವಾಗಲೇ ತೆಳು ಬ್ರಷ್ಷನ್ನು ಬೆರಳುಗಳ ನಡುವೆ ಹೊರಳಿಸುತ್ತ ನಾಳ ಎಳೆದು, ಮೃದುವಾದ ಕೂದಲಿನ ಬ್ರಷ್ಷಿನಿಂದ ಅದರ ಒಂದು ಅಂಚನ್ನು ಮಾತ್ರ ತೇಲಿಸಿ ಮಸುಕು ಮಾಡುತ್ತಾನೆ. ಒಂದು ಅಂಚು ಚೂಪು, ಇನ್ನೊಂದು ಮಬ್ಬು ಆದಾಗ ಕಣ್ಣು ಅದನ್ನು ಮೇಲ್ಮೈಯ ಗೆರೆ ಎಂದು ಓದದೆ ಆಳಕ್ಕಿಳಿದ ಪದರ ಎಂದು ಓದುತ್ತದೆ. ಒಣಗಿದ ಮೇಲೆ ತೆಳುವಾದ ಬಿಳಿ ಗ್ಲೇಜೊಂದನ್ನು ಹಾಯಿಸಿ ಮತ್ತೆ ಕೆಲವೇ ನಾಳಗಳನ್ನು ಎಳೆದರೆ ಮೊದಲಿನವು ಒಳಗೆ ಹುದುಗಿದಂತಾಗುತ್ತವೆ. ಕಲ್ಲಿನೊಳಗೆ ಮಿಲಿಮೀಟರುಗಟ್ಟಲೆ ಆಳದಲ್ಲಿ ನಡೆಯುವ ಬೆಳಕಿನ ಸುತ್ತಾಟವನ್ನು ಹೀಗೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸಿನ ದಪ್ಪದಲ್ಲಿ ನಟಿಸಬೇಕಾಗುತ್ತದೆ.

ಈ ಎಲ್ಲ ಕೆಲಸಕ್ಕೂ ಒಂದು ಗಡುವಿದೆ: ಗ್ಲೇಜ್ ಹಸಿಯಾಗಿರುವ ಅವಧಿ. ಗೋಡೆಯ ಒಂದು ಪಟ್ಟಿ ಒಣಗಿದ ಮೇಲೆ ಪಕ್ಕದ ಪಟ್ಟಿಯನ್ನು ಹಚ್ಚಿದರೆ ಎರಡು ಪದರ ಮೇಲೆಮೇಲೆ ಬಿದ್ದ ಜಾಗದಲ್ಲಿ ಮೇಲೆ ಲೆಕ್ಕ ಹಾಕಿದಂತೆಯೇ ಗಾಢವಾದ ಪಟ್ಟೆ ಮೂಡುತ್ತದೆ, ಅದನ್ನು ಅಳಿಸುವ ಉಪಾಯವಿಲ್ಲ. ನೀರು ಎಷ್ಟು ಬೇಗ ಆರುತ್ತದೆ ಎಂಬುದನ್ನು ಗಾಳಿಯ ಆವಿಕೊರತೆ, ಅಂದರೆ ಗಾಳಿ ಹಿಡಿಯಬಲ್ಲ ಗರಿಷ್ಠ ಆವಿಯ ಒತ್ತಡಕ್ಕೂ ಅದರಲ್ಲಿ ಈಗಾಗಲೇ ಇರುವ ಆವಿಯ ಒತ್ತಡಕ್ಕೂ ಇರುವ ಅಂತರ, ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಜೂನ್ ತಿಂಗಳ ದೆಹಲಿಯಲ್ಲಿ ಲೂ ಎಂಬ ಬಿಸಿಗಾಳಿ ಬೀಸುವ ಮಧ್ಯಾಹ್ನ, 42 ಡಿಗ್ರಿ ಶಾಖ ಮತ್ತು ಶೇಕಡಾ 20ರ ಆರ್ದ್ರತೆಯಲ್ಲಿ, ಇದು ಸುಮಾರು 6.6 ಕಿಲೋಪಾಸ್ಕಲ್, ಆಗಸ್ಟಿನ ಮಳೆಗಾಲದಲ್ಲಿ, 32 ಡಿಗ್ರಿ ಮತ್ತು ಶೇಕಡಾ 80ರಲ್ಲಿ, ಒಂದು ಕಿಲೋಪಾಸ್ಕಲ್ಲಿಗೂ ಕಡಿಮೆ, ಜನವರಿಯ ಮಂಜಿನ ಬೆಳಗಿನಲ್ಲಿ, 12 ಡಿಗ್ರಿ ಮತ್ತು ಶೇಕಡಾ 85ರಲ್ಲಿ, ಸುಮಾರು 0.2. ಕಿಟಕಿ ತೆರೆದಿಟ್ಟ ಅದೇ ಕೋಣೆಯಲ್ಲಿ ಅದೇ ಡಬ್ಬಿಯ ಗ್ಲೇಜ್ ಆಗಸ್ಟಿಗಿಂತ ಜೂನಿನಲ್ಲಿ ಏಳರಷ್ಟು ವೇಗವಾಗಿ ನೀರು ಬಿಡಬಲ್ಲದು, ಜನವರಿಗೆ ಹೋಲಿಸಿದರೆ ಮೂವತ್ತರಷ್ಟು. ಡಬ್ಬಿಯ ಮೇಲೆ ಅಚ್ಚಾದ ಒಣಗುವ ಸಮಯವನ್ನು ದೆಹಲಿಯಲ್ಲಿ ನಂಬುವುದು ವ್ಯರ್ಥ.

ತಯಾರಕರು ಇದಕ್ಕೆ ಕೊಡುವ ಮದ್ದು ಪ್ರೊಪಿಲೀನ್ ಗ್ಲೈಕಾಲ್‌ನಂಥ ದ್ರವ. ಅದರ ಕುದಿಬಿಂದು 188 ಡಿಗ್ರಿಯಾದ್ದರಿಂದ ಅದು ನಿಧಾನವಾಗಿ ಆರುತ್ತ ಲೇಪವನ್ನು ಹಸಿಯಾಗಿ ಇಡುತ್ತದೆ. ಬಣ್ಣಗಾರರ ಮದ್ದು ಇಬ್ಬರು ಜೋಡಿಯಾಗಿ ಕೆಲಸ ಮಾಡುವುದು: ಒಬ್ಬನು ಎರಡು ಮೂರು ಅಡಿ ಅಗಲದ ಪಟ್ಟಿಯನ್ನು ಚಾವಣಿಯಿಂದ ನೆಲದವರೆಗೆ ಹಚ್ಚುತ್ತ ಹೋಗುತ್ತಾನೆ, ಇನ್ನೊಬ್ಬನು ಅಂಚಿನ ಒಂದು ಗೇಣನ್ನು ಮುಟ್ಟದೆ ಬಿಟ್ಟು ಉಳಿದದ್ದರ ಮೇಲೆ ಬಟ್ಟೆಯಾಡಿಸುತ್ತ ಹಿಂಬಾಲಿಸುತ್ತಾನೆ. ನೆಲೆಬಣ್ಣ ತುಸು ಹೊಳಪಿನದಾಗಿರಬೇಕೆಂಬ ನಿಯಮವೂ ಇದೇ ಕಾರಣಕ್ಕೆ, ಏಕೆಂದರೆ ಹೊಳಪಿಲ್ಲದ ಮೇಲ್ಮೈ ತನ್ನ ರಂಧ್ರಗಳಿಂದ ನೀರನ್ನು ಹೀರಿ ಗಡುವನ್ನು ಇನ್ನಷ್ಟು ಕುಗ್ಗಿಸುತ್ತದೆ. ಚಳಿಗಾಲದಲ್ಲಿ ತೊಂದರೆ ಬೇರೆಯದು. ಅಕ್ರಿಲಿಕ್ ಬಂಧಕವು ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಗುಂಡುಗಳ ರೂಪದಲ್ಲಿರುತ್ತದೆ. ನೀರು ಆರಿದಾಗ ಆ ಗುಂಡುಗಳು ಒಂದಕ್ಕೊಂದು ಒತ್ತಿ ಬೆಸೆದರೆ ಮಾತ್ರ ಪೊರೆ ಉಂಟಾಗುತ್ತದೆ, ಮತ್ತು ಒಂದು ಉಷ್ಣತೆಗಿಂತ ಕೆಳಗೆ ಅವು ಬೆಸೆಯದೆ ಪುಡಿಯಾಗಿ ಉಳಿಯುತ್ತವೆ. ಜನವರಿಯ ರಾತ್ರಿ ಹೀಟರ್ ಇಲ್ಲದ ಕೋಣೆಯಲ್ಲಿ ಹಚ್ಚಿದ ಗ್ಲೇಜ್ ಬೆಳಿಗ್ಗೆ ಒರೆಸಿದರೆ ಕೈಗೆ ಬರುವುದು ಇದರಿಂದ. ಸುಣ್ಣದ ಗಾರೆಗೂ ಹವೆಯ ಹಂಗು ತಪ್ಪಿದ್ದಲ್ಲ: ಇಂಗಾಲದ ಡೈಆಕ್ಸೈಡ್ ಮೊದಲು ತೇವದಲ್ಲಿ ಕರಗಿಯೇ ಸುಣ್ಣವನ್ನು ಮುಟ್ಟಬೇಕಾದ್ದರಿಂದ ಬೇಸಿಗೆಯಲ್ಲಿ ಗಾರೆಯವರು ಒದ್ದೆ ಗೋಣಿತಟ್ಟು ಹೊದಿಸಿ ಗೋಡೆಯನ್ನು ಕಾಯುತ್ತಾರೆ. ದಸರೆಯಿಂದ ದೀಪಾವಳಿಯವರೆಗಿನ ವಾರಗಳಲ್ಲಿ ದೆಹಲಿಯ ಮನೆಗಳಿಗೆ ಬಣ್ಣ ಬಳಿಸುವ ರೂಢಿ ಹಬ್ಬದ ಸಡಗರದಿಂದ ಹುಟ್ಟಿದ್ದೇ ಇರಬಹುದು, ಆದರೆ ಹವಾಮಾನದ ಲೆಕ್ಕಕ್ಕೂ ಅದು ಒಪ್ಪುತ್ತದೆ.

ಹವೆಗಿಂತ ದೊಡ್ಡ ಶತ್ರು ಗೋಡೆಯ ಒಳಗಿರುತ್ತದೆ. ದೆಹಲಿಯ ಮನೆಗಳಲ್ಲಿ ಸೀಲನ್ ಎಂಬ ಮಾತನ್ನು ಕೇಳದ ಬಾಡಿಗೆದಾರನಿಲ್ಲ. ಅಡಿಪಾಯದಿಂದ ಏರುವ, ಇಲ್ಲವೇ ಸ್ನಾನದ ಕೋಣೆಯ ಕೊಳವೆಯಿಂದ ಒಸರುವ ತೇವ ಅದು. ತೇವ ತನ್ನೊಡನೆ ಮಣ್ಣು, ಇಟ್ಟಿಗೆ ಮತ್ತು ಸಿಮೆಂಟಿನ ಲವಣಗಳನ್ನು ಕರಗಿಸಿ ತಂದು ಮೇಲ್ಮೈಯಲ್ಲಿ ಬಿಡುತ್ತದೆ. ಅವುಗಳಲ್ಲಿ ಸೋಡಿಯಂ ಸಲ್ಫೇಟ್ ಅತ್ಯಂತ ಕೇಡಿನದು: 32.4 ಡಿಗ್ರಿಗಿಂತ ಮೇಲೆ ಅದು ನೀರಿಲ್ಲದ ಹರಳಾಗಿರುತ್ತದೆ, ಕೆಳಗೆ ತೇವ ಸಿಕ್ಕರೆ ಹತ್ತು ನೀರಿನ ಅಣುಗಳನ್ನು ಸೇರಿಸಿಕೊಂಡು ಮೂರು ಪಟ್ಟಿಗೂ ಹೆಚ್ಚು ಊದಿಕೊಳ್ಳುತ್ತದೆ. ದೆಹಲಿಯ ಹವೆ ವರ್ಷದಲ್ಲಿ ಎಷ್ಟೋ ಸಲ ಈ ಗಡಿಯನ್ನು ದಾಟುತ್ತದೆ, ಎ.ಸಿ. ಹಾಕಿ ಆರಿಸುವ ಕೋಣೆಯ ಗೋಡೆ ಬೇಸಿಗೆಯಲ್ಲಿ ದಿನಕ್ಕೊಮ್ಮೆ ದಾಟಬಹುದು. ಆವಿಯನ್ನು ಸುಲಭವಾಗಿ ಬಿಡದ ಅಕ್ರಿಲಿಕ್ ಪೊರೆ ಮತ್ತು ಅದರ ಮೇಲೆ ಬಳಿದ ವಾರ್ನಿಷ್ ಗೋಡೆಯ ಬಾಯಿ ಕಟ್ಟಿದಾಗ ಲವಣ ಪೊರೆಯ ಅಡಿಯಲ್ಲೇ ಹರಳುಗಟ್ಟಿ, ಬೊಬ್ಬೆ ಎಬ್ಬಿಸಿ, ಬಣ್ಣದಡಿ ಮೆತ್ತಿದ ಪುಟ್ಟಿಯ ಸಮೇತ ಹುಸಿ ಅಮೃತಶಿಲೆಯನ್ನು ಕಳಚುತ್ತದೆ. ರಂಧ್ರಗಳುಳ್ಳ ಸುಣ್ಣದ ಗಾರೆ ಆವಿಯನ್ನು ಹೊರಬಿಡುವುದರಿಂದ ಗೋಡೆಗೆ ಉಸಿರು ಕಟ್ಟುವುದಿಲ್ಲ.

ಇದೇ ಪಾಠವನ್ನು ದೆಹಲಿ ದೊಡ್ಡ ಪ್ರಮಾಣದಲ್ಲಿ ಕಲಿತದ್ದು ಹುಮಾಯೂನನ ಸಮಾಧಿಯಲ್ಲಿ. ಹದಿನಾರನೆಯ ಶತಮಾನದ ಆ ಕಟ್ಟಡದ ಮೇಲೆ ಇಪ್ಪತ್ತನೆಯ ಶತಮಾನದ ದುರಸ್ತಿಗಾರರು ಕಾಂಕ್ರೀಟನ್ನೂ ಸಿಮೆಂಟ್ ಗಾರೆಯನ್ನೂ ಧಾರಾಳವಾಗಿ ಹಚ್ಚಿದ್ದರು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಮತ್ತು ಆಗಾ ಖಾನ್ ಟ್ರಸ್ಟ್ ಫಾರ್ ಕಲ್ಚರ್ ಜೊತೆಗೂಡಿ 2013ರಲ್ಲಿ ಮುಗಿಸಿದ ಸಂರಕ್ಷಣೆಯಲ್ಲಿ ಚಾವಣಿಯೊಂದರಿಂದಲೇ ಸುಮಾರು 10 ಲಕ್ಷ ಕಿಲೋ ಕಾಂಕ್ರೀಟನ್ನು ಕೈಯಿಂದ ಒಡೆದು ಇಳಿಸಲಾಯಿತು, ಸಿಮೆಂಟ್ ಗಾರೆಯನ್ನು ಕೆತ್ತಿ ತೆಗೆದು ಹಳೆಯ ಪಾಕದ ಸುಣ್ಣದ ಗಾರೆಯನ್ನು ಮತ್ತೆ ಹಚ್ಚಲಾಯಿತು. ಮರೆತುಹೋಗುತ್ತಿದ್ದ ಕಸುಬೊಂದಕ್ಕೆ ಇದರಿಂದ ನೂರಾರು ಕೈಗಳು ಸಿಕ್ಕವು ಎಂಬುದು ಕಟ್ಟಡ ಉಳಿದದ್ದಕ್ಕಿಂತ ಕಡಿಮೆ ಲಾಭವಲ್ಲ.

ಹಾಗೆಂದು ಹದಿನೆಂಟನೆಯ ಮಹಡಿಯ ಕಾಂಕ್ರೀಟ್ ಗೋಡೆಗೆ ಆರಾಯಿಶ್ ಹಚ್ಚಿಸುವುದು ಎಲ್ಲರಿಗೂ ಎಟುಕುವ ಮಾತಲ್ಲ, ಮತ್ತು ಒಣ ಗೋಡೆಯ ಮೇಲೆ ಒಳ್ಳೆಯ ಕೈಯಿಂದ ಮೂಡಿದ ಗ್ಲೇಜನ್ನು ಹೀಗಳೆಯಬೇಕಾದ ಕಾರಣವೂ ಇಲ್ಲ. ಮನೆಯೊಳಗೆ ಬಳಸುವಾಗ ನೀರಿನ ಆಧಾರದ ಗ್ಲೇಜನ್ನೇ ಆರಿಸುವುದು ಕ್ಷೇಮ, ಏಕೆಂದರೆ ಟರ್ಪೆಂಟೈನ್ ಬೆರೆತ ಎಣ್ಣೆಯ ಗ್ಲೇಜ್ ಹೆಚ್ಚು ಹೊತ್ತು ಹಸಿಯಾಗಿದ್ದರೂ ಅದರ ಆವಿ, ಹೊಗೆಮಂಜಿಗೆ ಹೆದರಿ ಕಿಟಕಿ ಮುಚ್ಚಿದ ದೆಹಲಿಯ ಚಳಿಗಾಲದ ಮನೆಯಲ್ಲಿ, ದಿನಗಟ್ಟಲೆ ಉಳಿಯುತ್ತದೆ. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಭಾಗ, ಮೀರಬಾರದೆಂಬ 2016ರ ನಿಯಮವೂ ಜಾರಿಯಲ್ಲಿರುವುದರಿಂದ ಡಬ್ಬಿಯ ಮೇಲೆ ಆ ನಮೂದನ್ನು ನೋಡಿ ಕೊಳ್ಳಬೇಕು. ಎಲ್ಲಕ್ಕಿಂತ ಮೊದಲು, ಬಣ್ಣದ ಕ್ಯಾಟಲಾಗ್ ತೆರೆಯುವ ಮುನ್ನ, ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಗೋಡೆಗೆ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಬೇಕು. ಹಾಳೆಯ ಒಳಮೈಯಲ್ಲಿ ಹನಿಗಳು ಕಂಡರೆ ಮೊದಲು ಕರೆಯಬೇಕಾದದ್ದು ಬಣ್ಣಗಾರನನ್ನಲ್ಲ, ಕೊಳಾಯಿ ರಿಪೇರಿಯವನನ್ನು.